ನುಡಿಸುವ ಗುಂಡಿ, ಒತ್ತುವ ಗುಂಡಿ

ಮಿಡಿ ಕಂಟ್ರೋಲರ್ ತಾನಾಗಿ ಸದ್ದು ಮಾಡುವುದಿಲ್ಲ. ಯಾವ ಸ್ವರ, ಎಷ್ಟು ಜೋರು ಎಂಬ ಸಂದೇಶವನ್ನು ಕಂಪ್ಯೂಟರಿಗೋ ಸಿಂಥಸೈಜರಿಗೋ ಕಳಿಸುತ್ತದೆ. ನಾದ ಅಲ್ಲಿ ಹುಟ್ಟುತ್ತದೆ. 1983ರಲ್ಲಿ ಬಂದ ಈ ಪದ್ಧತಿಯಲ್ಲಿ ಒಂದು ಸ್ವರದ ಸಂದೇಶ ಮೂರೇ ಬೈಟ್. ಹಳೆಯ ಐದು ಪಿನ್ನಿನ ಕೇಬಲ್ಲಿನಲ್ಲೂ ಅದು ಸುಮಾರು 1 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಹಾಗಾಗಿ ಮನೆಯಲ್ಲೇ ಕಟ್ಟಿದ ಕಂಟ್ರೋಲರ್ ಕೈಗೆ ಒಗ್ಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಗುಂಡಿಯನ್ನೇ ನೆಚ್ಚಿದೆ.

ಒತ್ತಿದರೆ ಕೂತುಬಿಟ್ಟು, ಮತ್ತೊಮ್ಮೆ ಒತ್ತಿದರೆ ಏಳುವ ಗುಂಡಿಗಳನ್ನು ಮೊದಲೇ ಬದಿಗಿಡಿ. ಬೆರಳು ತೆಗೆದೊಡನೆ ಏಳುವಂಥದ್ದೇ ಬೇಕು.

ಸುಲಭವಾಗಿ ಸಿಗುವುದು 6 ಮಿ.ಮೀ. ಚೌಕದ ಟ್ಯಾಕ್ಟ್ ಸ್ವಿಚ್. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ದೊರೆಯುತ್ತದೆ. ಒತ್ತಿದರೆ ಸುಮಾರು ಕಾಲು ಮಿಲಿಮೀಟರ್ ಇಳಿದು ‘ಟಿಕ್’ ಎನ್ನುತ್ತದೆ. ಹಾಡು ಶುರು ಮಾಡಲು, ನಿಲ್ಲಿಸಲು ಅಷ್ಟು ಸಾಕು. ತಾಳ ನುಡಿಸಲು ಮಾತ್ರ ಬೇಡ: ಪುಟ್ಟ ಗಟ್ಟಿ ತಲೆಯ ಮೇಲೆ ಬೆರಳು ಬೇಗ ನೋಯುತ್ತದೆ, ಆ ಟಿಕ್ ಹತ್ತಿರದ ಮೈಕಿಗೂ ಸೇರುತ್ತದೆ.

ಕಂಪ್ಯೂಟರ್ ಕೀಬೋರ್ಡಿನ ಚೆರ್ರಿ ಎಂಎಕ್ಸ್ ಸ್ವಿಚ್ಚುಗಳು ಇದಕ್ಕಿಂತ ಎಷ್ಟೋ ಮೇಲು. ಆದರೆ ಬಣ್ಣ ನೋಡಿ ಕೊಳ್ಳಬೇಕು. ಕೆಂಪು ಬಣ್ಣದ್ದು 4 ಮಿ.ಮೀ. ಇಳಿಯುತ್ತದೆ, 2 ಮಿ.ಮೀ. ಇಳಿಯುವಷ್ಟರಲ್ಲೇ ಸಂಪರ್ಕ ಕೂಡುತ್ತದೆ. ದಾರಿಯಲ್ಲಿ ತಡೆಯಿಲ್ಲ, ಟಿಕ್ ಇಲ್ಲ. ನೀಲಿಯ ತೊಡಕು ಬರೀ ಸದ್ದಲ್ಲ. ಅದರಲ್ಲಿ ಸಂಪರ್ಕ ಕೂಡುವ ಜಾಗಕ್ಕಿಂತ ಬಿಡುವ ಜಾಗ ಮೇಲಿದೆ. ಬೆರಳನ್ನು ಅಷ್ಟು ಎತ್ತರಕ್ಕೆ ಎತ್ತದೆ ಮತ್ತೆ ಒತ್ತಿದರೆ ಎರಡನೆಯ ಪೆಟ್ಟು ದಾಖಲಾಗುವುದೇ ಇಲ್ಲ. ‘ತಿರಕಿಟ’ದಂಥ ಬಿರುಸಿನ ಬೋಲು ನುಡಿಸುವವರಿಗೆ ಇದು ದೊಡ್ಡ ಕೊರತೆ. ಬೆರಳಿನಿಂದ ಡ್ರಮ್ ನುಡಿಸುವವರಿಗೆ ನಾನು ಹೇಳುವುದು ಆರ್ಕೇಡ್ ಆಟದ ಯಂತ್ರಗಳ ಗುಂಡಿ. ಜಪಾನಿನ ಸಾನ್ವಾ ಕಂಪನಿಯದು 24 ಮತ್ತು 30 ಮಿ.ಮೀ. ಅಳತೆಯಲ್ಲಿ ಬರುತ್ತದೆ. ತಲೆ ಅಗಲ, ಒತ್ತಡ ಹಗುರ. ಮುಟ್ಟಿದಂತೆ ಮಾಡಿದರೂ ಸ್ವರ ಹೊರಡುತ್ತದೆ.

ಇವೆಲ್ಲಕ್ಕೂ ಒಂದು ಮಿತಿಯಿದೆ. ಗುಂಡಿ ಹೇಳಬಲ್ಲದ್ದು ‘ಕೂಡಿದೆ’ ಅಥವಾ ‘ಬಿಟ್ಟಿದೆ’ ಎಂದಷ್ಟೇ. ಪೆಟ್ಟಿನ ಜೋರು ಅದಕ್ಕೆ ತಿಳಿಯದು. ಮಿಡಿ ಕೇಳುವ 1ರಿಂದ 127ರೊಳಗಿನ ಅಂಕಿಯನ್ನು ಪ್ರೋಗ್ರಾಮಿನಲ್ಲಿ ನಾವೇ ಗೊತ್ತುಮಾಡಬೇಕು. ಮೃದಂಗ, ತಬಲಾ ಕಲಿತ ಕೈಗೆ ಈ ಸಮತಟ್ಟು ಬೇಸರ ತರಿಸುತ್ತದೆ. ರೋಜರ್ ಲಿನ್ ರೂಪಿಸಿದ ಅಕಾಯ್ ಎಂಪಿಸಿ60 (1988) ಯಂತ್ರದಲ್ಲಿ ಪೆಟ್ಟಿನ ಜೋರು ಅರಿಯುವ ರಬ್ಬರ್ ಪ್ಯಾಡುಗಳಿದ್ದವು. ಏರಿಳಿತ ಬೇಕೇ ಬೇಕೆನ್ನುವವರು ಗುಂಡಿ ಬಿಟ್ಟು, ರಬ್ಬರಿನಡಿ ಒತ್ತಡಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸೆನ್ಸರ್ ಇಡುವುದು ಒಳ್ಳೆಯದು.

ಇನ್ನು ಕುಪ್ಪಳಿಕೆ. ಲೋಹದ ಎರಡು ತುದಿಗಳು ಕೂಡುವಾಗ ಕೆಲವು ಮಿಲಿಸೆಕೆಂಡು ತಟತಟನೆ ಮುಟ್ಟಿ ಬಿಡುತ್ತವೆ. ಒಂದೇ ಒತ್ತಿಗೆ ಮೂರು ಸ್ವರ ಕೇಳಿಸಬಹುದು. ಕುಪ್ಪಳಿಕೆ ಅಡಗುವ ತನಕ ಕಾದು ಸ್ವರ ಕಳಿಸುವ ಪ್ರೋಗ್ರಾಮುಗಳಿವೆ. ಅವು ಪ್ರತಿ ಪೆಟ್ಟನ್ನೂ ತಡ ಮಾಡುತ್ತವೆ. ಮೊದಲ ಸ್ಪರ್ಶಕ್ಕೇ ಸ್ವರ ಕಳಿಸಿ, ಆಮೇಲಿನ ಕೆಲವು ಮಿಲಿಸೆಕೆಂಡು ಆ ಗುಂಡಿಯನ್ನು ಗಮನಿಸದಂತೆ ಬರೆಯಿರಿ.

ಹದಿನಾರು ಗುಂಡಿಗಳನ್ನು ನಾಲ್ಕು ಸಾಲು, ನಾಲ್ಕು ಕಂಬವಾಗಿ ಹೆಣೆದರೆ ಎಂಟೇ ತಂತಿ ಸಾಕು. ಆದರೆ ಪ್ರತಿ ಗುಂಡಿಗೂ ಒಂದು ಡಯೋಡ್ ಬೆಸೆಯಿರಿ; ಇಲ್ಲದಿದ್ದರೆ ಮೂರು ಒತ್ತಿದಾಗ ಒತ್ತದ ನಾಲ್ಕನೆಯದೂ ನುಡಿಯಬಹುದು. ಹಲಗೆ ಕೊರೆಯುವುದು ಕೊನೆಗೆ: ಚೆರ್ರಿಗೆ 14 ಮಿ.ಮೀ. ಚೌಕ, ಸಾನ್ವಾಗೆ ದುಂಡು ತೂತು. ಒಂದಕ್ಕೆ ಕೊರೆದದ್ದು ಇನ್ನೊಂದಕ್ಕೆ ಹೊಂದದು. ಒಂದೊಂದು ಬಗೆಯದನ್ನು ಎರಡೆರಡು ತಂದು, ರಟ್ಟಿಗೆ ಸಿಕ್ಕಿಸಿ, ನುಡಿಸಿ ನೋಡಿ, ಆಮೇಲೆ ಡ್ರಿಲ್ ಹಿಡಿಯಿರಿ.