ಕೇಕನ್ನು ಉಬ್ಬಿಸುವ ಕಿತ್ತಳೆ

ಗೋಳಿಬಜೆ ಮಾಡಿ ಪಳಗಿದವರನ್ನು ಕೇಳಿ, ಮೊಸರು ಹುಳಿ ಬಂದಿರಬೇಕು ಎನ್ನುತ್ತಾರೆ. ಸಿಹಿ ಮೊಸರಲ್ಲಿ ಕಲಸಿದ ಮೈದಾ ಎಣ್ಣೆಗೆ ಬಿದ್ದರೆ ಅಷ್ಟಾಗಿ ಅರಳುವುದಿಲ್ಲ, ಸೋಡಾದ ಚೌಳು ರುಚಿಯೂ ನಾಲಿಗೆಯಲ್ಲಿ ಉಳಿಯುತ್ತದೆ. ಹುಳಿಗೂ ಸೋಡಾಕ್ಕೂ ಇರುವ ಈ ನಂಟೇ ಚಾಕೊಲೇಟ್-ಕಿತ್ತಳೆ ಕೇಕಿನ ಜೀವಾಳ. ಇದರಲ್ಲಿ ಕಿತ್ತಳೆ ಬರೀ ಪರಿಮಳಕ್ಕಾಗಿ ಬಂದದ್ದಲ್ಲ. ಹಿಟ್ಟನ್ನು ಎತ್ತಿ ಹಿಡಿಯುವ ಕೆಲಸವೂ ಅದರದ್ದೇ.

ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಬೇಡದ ಒಂದು ಚಾಕೊಲೇಟ್ ಕೇಕು ಅಮೆರಿಕದ ಮನೆಗಳಲ್ಲಿ ಬಹಳ ಹಿಂದಿನಿಂದ ಇದೆ. 1930ರ ದಶಕದ ಆರ್ಥಿಕ ಮುಗ್ಗಟ್ಟು, ಅದರ ಬೆನ್ನಿಗೇ ಬಂದ ಮಹಾಯುದ್ಧದ ಪಡಿತರದ ಕಾಲದೊಂದಿಗೆ ಅದರ ಹೆಸರು ತಳಕು ಹಾಕಿಕೊಂಡಿದೆ. ಅವರು ಅದನ್ನು ವ್ಯಾಕಿ ಕೇಕ್ ಎನ್ನುತ್ತಾರೆ. ಮೈದಾ, ಸಕ್ಕರೆ, ಕೋಕೋ, ಸೋಡಾ, ಎಣ್ಣೆ, ನೀರು, ಒಂದು ಚಮಚ ವಿನೆಗರ್, ಅಷ್ಟೇ. ಆ ನೀರಿನ ಬಹುಪಾಲನ್ನೂ ವಿನೆಗರನ್ನೂ ತೆಗೆದು ಅವುಗಳ ಜಾಗದಲ್ಲಿ ಕಿತ್ತಳೆ ರಸ ಹಾಕಿದರೆ ನಮ್ಮ ಕೇಕು ಸಿದ್ಧ. ಮೊಟ್ಟೆ ತರದ ಮನೆಗಳಿಗೂ ಇದು ಹೊಂದುತ್ತದೆ.

ಅಳತೆ ಹೀಗಿದೆ: ಮೈದಾ 190 ಗ್ರಾಂ, ಸಕ್ಕರೆ 180 ಗ್ರಾಂ, ಕೋಕೋ ಪುಡಿ 25 ಗ್ರಾಂ, ಎಣ್ಣೆ 75 ಮಿಲಿ, ಆಗಷ್ಟೇ ಹಿಂಡಿದ ಕಿತ್ತಳೆ ರಸ 200 ಮಿಲಿ, ಕುದಿನೀರು 40 ಮಿಲಿ, ಎರಡು ಹಣ್ಣಿನ ಸಿಪ್ಪೆಯ ತುರಿ, ಚಿಟಿಕೆ ಉಪ್ಪು, ಅಡುಗೆ ಸೋಡಾ ಅರ್ಧ ಟೀ ಚಮಚ. ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು ಸಮ ಮಾಡಿಕೊಂಡ ಅರ್ಧ ಚಮಚ.

ಅರ್ಧವೇ ಏಕೆ? ಕಿತ್ತಳೆ ರಸದಲ್ಲಿ ಸರಿಸುಮಾರು ನೂರಕ್ಕೆ ಒಂದು ಪಾಲು ಸಿಟ್ರಿಕ್ ಆಮ್ಲ ಇರುತ್ತದೆ. ಅಂದರೆ 200 ಮಿಲಿ ರಸದಲ್ಲಿ ಹತ್ತಿರ ಹತ್ತಿರ 2 ಗ್ರಾಂ. ಒಂದು ಗ್ರಾಂ ಸಿಟ್ರಿಕ್ ಆಮ್ಲ 1.3 ಗ್ರಾಂ ಸೋಡಾವನ್ನು ತಟಸ್ಥಗೊಳಿಸಬಲ್ಲದು. ಹಾಗಾಗಿ ನಮ್ಮ ರಸ ಅರಗಿಸಿಕೊಳ್ಳುವುದು ಸುಮಾರು 2.6 ಗ್ರಾಂ ಸೋಡಾವನ್ನು, ಸಮ ಮಾಡಿದ ಅರ್ಧ ಟೀ ಚಮಚದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಸೋಡಾದಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಎಷ್ಟು ಗೊತ್ತೇ? ಕೋಣೆಯ ಉಷ್ಣತೆಯಲ್ಲಿ ಅಳೆದರೆ ಸುಮಾರು 750 ಮಿಲಿ. ಅದರಲ್ಲಿ ಒಂದಷ್ಟು ಕಲಸುವಾಗಲೇ ಹಾರಿಹೋದರೂ ಉಳಿದದ್ದು ಒಂದು ಕೇಕಿಗೆ ಧಾರಾಳವಾಯಿತು.

ಮೊದಲ ಸಲ ಮಾಡಿದಾಗ, ಇನ್ನಷ್ಟು ಉಬ್ಬಲಿ ಎಂದು ನಾನು ಒಂದೂವರೆ ಚಮಚ ಸೋಡಾ ಸುರಿದಿದ್ದೆ. ಕೇಕು ಭರದಿಂದ ಮೇಲೆದ್ದು ನಡುವೆ ಕುಸಿಯಿತು, ಬಾಯಲ್ಲಿಟ್ಟರೆ ಸಾಬೂನಿನ ರುಚಿ. ಜೊತೆಗೆ ಹುಳಿ ಸಿಗದ ಸೋಡಾ ಬಿಸಿಗೆ ಒಡೆದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಅದು ವಾಷಿಂಗ್ ಸೋಡಾ, ಬಟ್ಟೆ ಒಗೆಯುವ ಅದೇ ವಸ್ತು. ಹೆಚ್ಚು ಸೋಡಾ ಹಾಕಿದರೆ ಕೇಕು ಹೆಚ್ಚು ಹಗುರಾಗುತ್ತದೆಂಬ ನಂಬಿಕೆ ತಪ್ಪು. ಹುಳಿ ಎಷ್ಟೋ ಸೋಡಾ ಅಷ್ಟೇ. ಹಣ್ಣು ತೀರಾ ಸಿಹಿಯಾಗಿದ್ದರೆ ರಸಕ್ಕೆ ಒಂದು ಚಮಚ ನಿಂಬೆ ಹಿಂಡಿ. ನಿಂಬೆಯ ಹುಳಿ ಕಿತ್ತಳೆಯ ಐದಾರು ಪಟ್ಟು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪ್ರಯೋಗಾಲಯ ಬೇಡ, ಆರತಿ ತಟ್ಟೆಯ ರಸಾಯನ ಸಾಕು. ಅರಿಸಿನಕ್ಕೆ ಸುಣ್ಣ ಬೆರೆತರೆ ಓಕುಳಿ ಕೆಂಪಾಗುತ್ತದಲ್ಲವೇ? ಕ್ಷಾರ ಸೋಕಿದರೆ ಅರಿಸಿನದ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಒಂದು ಲೋಟದಲ್ಲಿ ಸೋಡಾ ಕದಡಿದ ನೀರಿಗೆ ಚಿಟಿಕೆ ಅರಿಸಿನ ಹಾಕಿ, ಬಣ್ಣ ಕೆಂಪಿನತ್ತ ತಿರುಗುತ್ತದೆ. ಈಗ ಕಿತ್ತಳೆ ರಸವನ್ನು ಸ್ವಲ್ಪಸ್ವಲ್ಪವೇ ಸುರಿಯಿರಿ. ನೊರೆ ಉಕ್ಕುತ್ತದೆ, ಕೆಂಪು ಮಾಸಿ ಹಳದಿ ಮರಳುತ್ತದೆ. ಹಳದಿ ಮರಳಿತೆಂದರೆ ಸೋಡಾದ ಕ್ಷಾರ ಅಡಗಿತೆಂದೇ ಅರ್ಥ. ಮನೆಯ ಮಕ್ಕಳ ಕೈಯಲ್ಲೇ ಇದನ್ನು ಮಾಡಿಸಿ.

ರಸ ಹುಳಿ ಕೊಡುತ್ತದೆ, ಆದರೆ ಕಿತ್ತಳೆಯ ಘಮ ಇರುವುದು ಸಿಪ್ಪೆಯಲ್ಲಿ. ಚಿಕ್ಕಂದಿನಲ್ಲಿ ಸಿಪ್ಪೆ ಮಡಿಚಿ ಜೊತೆಯವರ ಕಣ್ಣಿಗೆ ಚಿಮ್ಮಿಸುತ್ತಿದ್ದೆವಲ್ಲ, ಆ ಉರಿಯುವ ತುಂತುರೇ ಕಿತ್ತಳೆ ಎಣ್ಣೆ. ಅದರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಲಿಮೊನೀನ್ ಎಂಬ ಒಂದೇ ವಸ್ತು. ಇದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ತುರಿಯನ್ನು ಮೊದಲು ಸಕ್ಕರೆಯ ಜೊತೆ ಬೆರಳ ತುದಿಯಲ್ಲಿ ಚೆನ್ನಾಗಿ ಉಜ್ಜಬೇಕು. ಸಕ್ಕರೆಯ ಚೂಪು ಹರಳುಗಳು ಸಿಪ್ಪೆಯ ಎಣ್ಣೆ ಚೀಲಗಳನ್ನು ಸೀಳುತ್ತವೆ, ಸಕ್ಕರೆ ಒದ್ದೆ ಮರಳಿನಂತಾಗಿ ಹಳದಿಗೆ ತಿರುಗುತ್ತದೆ. ಆಮೇಲೆ ಅಡುಗೆ ಎಣ್ಣೆ ಸೇರಿಸಿದರೆ ಘಮ ಅದರೊಳಗೆ ಸೇರಿಕೊಳ್ಳುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಸುಲಿದ ಮೇಲೆ ತುರಿಯಲು ಬರುವುದಿಲ್ಲ. ಇಡೀ ಹಣ್ಣನ್ನು ತೊಳೆದು, ಒರೆಸಿ, ಮೇಲ್ಪದರವನ್ನಷ್ಟೇ ತುರಿದುಕೊಂಡು ಆಮೇಲೆ ಸುಲಿಯಿರಿ. ಒಳಗಿನ ಬಿಳಿ ಪದರ ಕಹಿ. ಸಿಪ್ಪೆ ಗೊಜ್ಜಿನಲ್ಲಿ ಆ ಕಹಿಯನ್ನು ಹುಣಸೆ, ಬೆಲ್ಲ ಪಳಗಿಸುತ್ತವೆ. ಕೇಕಿನಲ್ಲಿ ಈಗಾಗಲೇ ಕೋಕೋದ ಕಹಿಯಿದೆ, ಎರಡನೆಯದು ಬೇಡ.

ಕೋಕೋ ಎಂದೆನಲ್ಲ, ಅದೂ ಹುಳಿಯ ಕತೆಯೇ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಕೊಕ್ಕೋ ಬೆಳೆಯುವವರಿಗೆ ಇದು ಹೊಸತಲ್ಲ. ಪುತ್ತೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದಲೂ ನಡೆಯುತ್ತಿದೆ. ಕಾಯಿ ಒಡೆದಾಗ ಸಿಗುವ ಹಸಿ ಬೀಜಕ್ಕೆ ಚಾಕೊಲೇಟಿನ ವಾಸನೆಯೇ ಇರುವುದಿಲ್ಲ. ಅದನ್ನು ಬಿಳಿ ಲೋಳೆಯ ಸಮೇತ ರಾಶಿ ಹಾಕಿ ಐದಾರು ದಿನ ಹುದುಗಿಸುತ್ತಾರೆ. ಯೀಸ್ಟುಗಳು ಲೋಳೆಯ ಸಕ್ಕರೆಯನ್ನು ಮದ್ಯಸಾರ ಮಾಡುತ್ತವೆ, ಬ್ಯಾಕ್ಟೀರಿಯಾಗಳು ಅದನ್ನು ಅಸಿಟಿಕ್ ಆಮ್ಲ ಮಾಡುತ್ತವೆ, ರಾಶಿಯ ಬಿಸಿ 45-50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಹುಳಿ ಮತ್ತು ಬಿಸಿಗೆ ಬೀಜ ಸತ್ತು, ಒಳಗಿನ ಪ್ರೋಟೀನುಗಳು ತುಂಡಾಗಿ, ಹುರಿದಾಗ ಚಾಕೊಲೇಟ್ ಘಮ ಏಳಲು ಬೇಕಾದ ಕಚ್ಚಾವಸ್ತು ತಯಾರಾಗುತ್ತದೆ. ಆ ಹುಳಿಯಲ್ಲಿ ಸ್ವಲ್ಪ ಪಾಲು ಕೋಕೋ ಪುಡಿಯವರೆಗೂ ಬರುತ್ತದೆ. ಪೊಟ್ಟಣದ ಹಿಂದೆ ಆಮ್ಲೀಯತೆ ನಿಯಂತ್ರಕ 500 ಅಥವಾ 501 ಎಂದಿದ್ದರೆ ಅದು ಕ್ಷಾರದಲ್ಲಿ ಸಂಸ್ಕರಿಸಿದ, ಹುಳಿ ತೆಗೆದ ಕೋಕೋ. ಬಣ್ಣ ಕಡು, ರುಚಿ ಮೃದು. ನಮ್ಮ ಕೇಕಿಗೆ ಎರಡೂ ಆದೀತು, ಸೋಡಾದ ಲೆಕ್ಕವನ್ನು ಕಿತ್ತಳೆಯೊಂದೇ ತೀರಿಸುತ್ತದಲ್ಲ. ಕೋಕೋವನ್ನು ಮೊದಲು ಕುದಿನೀರಿನಲ್ಲಿ ಗಂಟಿಲ್ಲದಂತೆ ಕಲಸಿಟ್ಟರೆ ಅದರ ಪರಿಮಳ ಚೆನ್ನಾಗಿ ಬಿಡುತ್ತದೆ.

ಇನ್ನು ಕಲಸುವುದು. ಹೋಳಿಗೆಯ ಕಣಕವನ್ನು ನಾದಿ ನಾದಿ ರಬ್ಬರಿನಂತೆ ಹಿಗ್ಗಿಸುತ್ತೇವೆ. ನೀರು ಬಿದ್ದು ನಾದಿದಷ್ಟೂ ಮೈದಾದ ಪ್ರೋಟೀನುಗಳು ಹೆಣೆದುಕೊಂಡು ಗ್ಲುಟೆನ್ ಜಾಲ ಬಲಿಯುತ್ತದೆ. ಕೇಕಿಗೆ ಬೇಕಾದದ್ದು ಇದರ ನೇರ ವಿರುದ್ಧ. ಮೈದಾ, ಸೋಡಾ, ಉಪ್ಪನ್ನು ಜರಡಿ ಹಿಡಿದು, ಸಕ್ಕರೆ, ಎಣ್ಣೆ, ಕೋಕೋ, ರಸದ ಮಿಶ್ರಣಕ್ಕೆ ಸುರಿದು, ಒಣ ಹಿಟ್ಟು ಕಾಣದಾದ ಕೂಡಲೇ ಕೈ ನಿಲ್ಲಿಸಿ. ರಸ ಸೋಕಿದ ಕ್ಷಣದಿಂದ ಅನಿಲ ಹೊರಡುತ್ತಿರುತ್ತದೆ. ಆದ್ದರಿಂದ ಎಣ್ಣೆ ಸವರಿದ ಪಾತ್ರೆ ಪಕ್ಕದಲ್ಲಿರಬೇಕು, ಒಲೆ ಮೊದಲೇ ಕಾದಿರಬೇಕು.

ಓವನ್ ಇದ್ದರೆ 175 ಡಿಗ್ರಿಯಲ್ಲಿ ಸುಮಾರು 35 ನಿಮಿಷ. ಇಲ್ಲದಿದ್ದರೆ ಕುಕ್ಕರ್ ಸಾಕು. ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿಡುವುದನ್ನು ಮರೆಯಬೇಡಿ. ತಳಕ್ಕೆ ನೀರು ಬೇಡ, ದಪ್ಪಗೆ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ಆಮೇಲೆ ಕೇಕಿನ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ 40ರಿಂದ 50 ನಿಮಿಷ ಬೇಯಿಸಿ. ಬಿಸಿಗೆ ಅನಿಲದ ಗುಳ್ಳೆಗಳು ಹಿಗ್ಗುತ್ತವೆ, ಹಿಟ್ಟಿನ ಪಿಷ್ಟ ನೀರು ಹೀರಿ ಗಟ್ಟಿಯಾಗಿ ಗುಳ್ಳೆಗಳ ಗೋಡೆ ಕಟ್ಟುತ್ತದೆ. ಸಕ್ಕರೆ ಈ ಗಟ್ಟಿಯಾಗುವಿಕೆಯನ್ನು ತಡಮಾಡಿಸುತ್ತದೆ, ಆ ಬಿಡುವಿನಲ್ಲೇ ಕೇಕು ಎತ್ತರಕ್ಕೇಳುವುದು. ಸಿಹಿ ಕಡಿಮೆ ಸಾಕೆಂದು ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ ಕೇಕು ಗಿಡ್ಡವಾಗಿ, ಒರಟಾಗಿ ಬರುವುದು ಇದೇ ಕಾರಣಕ್ಕೆ. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಅದಕ್ಕೂ ಮೊದಲು, ಅರ್ಧ ಗಂಟೆಯೊಳಗೆ ಮುಚ್ಚಳ ತೆಗೆಯಬೇಡಿ. ಗೋಡೆ ಗಟ್ಟಿಯಾಗುವ ಮುನ್ನ ತಣ್ಣನೆ ಗಾಳಿ ಹೊಕ್ಕರೆ ಗುಳ್ಳೆಗಳು ಕುಗ್ಗಿ ಕೇಕು ಕೂರುತ್ತದೆ.

ಬೇಯುವಾಗ ಮನೆಯೆಲ್ಲ ತುಂಬುವ ಕಿತ್ತಳೆ ಘಮ ಕೇಕಿನಿಂದ ಆವಿಯ ಜೊತೆ ಹೊರಬಿದ್ದ ಘಮ. ಎಣ್ಣೆ ಮತ್ತು ಕೋಕೋದ ಕೊಬ್ಬಿನಲ್ಲಿ ಕರಗಿದ ಪಾಲು ಮಾತ್ರ ಒಳಗೆ ಉಳಿದಿರುತ್ತದೆ. ಬಿಸಿ ಕೇಕಿನಲ್ಲಿ ಅದು ಮುಂದೆ ಬರುವುದಿಲ್ಲ. ಪೂರ್ತಿ ಆರಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟು, ಮರುದಿನ ಬೆಳಗ್ಗೆ ಕತ್ತರಿಸಿ.