ನಂಬರಿನ ನಡುವೊಂದು ನಕ್ಷತ್ರ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಬ್ಯಾಂಕುಗಳಲ್ಲಿ ಗರಿಗರಿ ನೋಟಿಗೆ ಬೇಡಿಕೆ ಏರುತ್ತದೆ. ಕಳಶದ ಹಿಂದೆ ಬೀಸಣಿಗೆಯಂತೆ ಜೋಡಿಸಲು ಹತ್ತರ ಕಟ್ಟು, ಮದುವೆಮನೆಯ ಮುಯ್ಯಿಗೆ ಐವತ್ತರದು, ಉಪನಯನದ ದಕ್ಷಿಣೆಗೆ ಮತ್ತೆ ಹತ್ತರದ್ದೇ. ಹಾಗೆ ತಂದ ಕಟ್ಟನ್ನು ಬಿಚ್ಚಿ ಎಣಿಸುವಾಗ ಕೆಲವೊಮ್ಮೆ ಸಂಖ್ಯೆಗಳ ಸಾಲು ತಪ್ಪಿರುತ್ತದೆ. ನೂರು ನೋಟು ಸರಿಯಾಗಿಯೇ ಇವೆ, ಆದರೆ ಒಂದೆರಡು ಬೇರೆಯೇ ಸರಣಿಯವು. ಅವುಗಳಲ್ಲಿ ಮೊದಲ ಮೂರು ಅಕ್ಷರ-ಅಂಕಿಗಳಿಗೂ ಮುಂದಿನ ಆರು ಅಂಕಿಗಳಿಗೂ ನಡುವೆ ಒಂದು ಪುಟ್ಟ ನಕ್ಷತ್ರ.

ಬಹಳ ಜನ ಅದನ್ನು ಗಮನಿಸದೆ ಕವರಿಗೆ ಹಾಕಿಬಿಡುತ್ತಾರೆ. ಗಮನಿಸಿದವರಲ್ಲಿ ಕೆಲವರಿಗೆ ಖೋಟಾ ಇರಬಹುದೇ ಎಂಬ ಅಳುಕು. ಜೋಪಾನವಾಗಿ ಎತ್ತಿಡುವ ಹವ್ಯಾಸಿಗಳೂ ಈ ಹಳೇ ಬಡಾವಣೆಗಳಲ್ಲಿದ್ದಾರೆ. ಅವರ ಬಾಯಲ್ಲಿ ಇದು 'ಸ್ಟಾರ್ ನೋಟು'.

ನೋಟು ಅಚ್ಚಾಗುವುದು ದೊಡ್ಡ ಹಾಳೆಗಳ ಮೇಲೆ. ಬಣ್ಣದ ಮೇಲೆ ಬಣ್ಣ ಕೂತು, ಉಬ್ಬಚ್ಚು ಮುಗಿದು, ಕೊನೆಯ ಹಂತಗಳಲ್ಲಿ ನಂಬರು ಬಿದ್ದು, ಹಾಳೆ ಕತ್ತರಿಸಿ, ನೂರರ ಕಟ್ಟಾಗುತ್ತದೆ. ಈ ದಾರಿಯಲ್ಲಿ ಎಲ್ಲೋ ಒಂದು ನೋಟಿನ ಮಸಿ ಹರಡಿರುತ್ತದೆ, ಇಲ್ಲವೇ ಅಂಚು ಓರೆಯಾಗಿರುತ್ತದೆ. ಅದನ್ನು ತೆಗೆದುಹಾಕಲೇಬೇಕು. ತೆಗೆದರೆ ಸಂಖ್ಯೆಯೊಂದು ಖಾಲಿ. ಹಿಂದೆ ಮುದ್ರಣಾಲಯದವರು ಅದೇ ನಂಬರಿನ ಇನ್ನೊಂದು ನೋಟನ್ನು ಸಿದ್ಧಪಡಿಸಿ ಕಟ್ಟಿಗೆ ಸೇರಿಸುತ್ತಿದ್ದರು. ಒಂದು ಹತ್ತು ರೂಪಾಯಿಗಾಗಿ ಎಷ್ಟು ಶ್ರಮ, ಎಷ್ಟು ಹೊತ್ತು! 2006ರಲ್ಲಿ ರಿಸರ್ವ್ ಬ್ಯಾಂಕ್ ಈ ಕ್ರಮವನ್ನು ಕೈಬಿಟ್ಟಿತು. ನಕ್ಷತ್ರ ಗುರುತಿನ ಪ್ರತ್ಯೇಕ ಸರಣಿಯನ್ನು ಮೊದಲೇ ಅಚ್ಚು ಹಾಕಿಟ್ಟುಕೊಂಡು, ಕೆಟ್ಟ ನೋಟಿನ ಜಾಗವನ್ನು ಅದರಿಂದ ತುಂಬುವ ಪದ್ಧತಿ ಬಂತು. ಮೊದಲು 10, 20, 50 ರೂಪಾಯಿಗಳಲ್ಲಿ, ಆಮೇಲೆ 100ರಲ್ಲಿ. 500 ರೂಪಾಯಿಯಲ್ಲಿ ನಕ್ಷತ್ರ ಮೊದಲು ಕಾಣಿಸಿದ್ದು 2016ರ ಡಿಸೆಂಬರಿನಲ್ಲಿ, ನೋಟು ರದ್ದತಿಯ ಬಿಸಿ ಇನ್ನೂ ಆರದಿದ್ದಾಗ. ಎಟಿಎಂ ಮುಂದೆ ಸಾಲುಗಟ್ಟಿ ನಿಂತವರಿಗೆ ನೋಟು ಸಿಕ್ಕಿದ್ದೇ ದೊಡ್ಡದು, ನಕ್ಷತ್ರ ನೋಡುವ ವ್ಯವಧಾನ ಯಾರಿಗಿತ್ತು?

ಈ ಕಥೆಯ ಒಂದು ಕೊನೆ ನಮ್ಮ ರಾಜ್ಯದಲ್ಲೇ ಇದೆ. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಮೈಸೂರಿನದೂ ಒಂದು. ಉಳಿದವು ನಾಸಿಕ್, ದೇವಾಸ್ ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿವೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾಗಿ 1995ರಲ್ಲಿ ಹುಟ್ಟಿದ ನೋಟು ಮುದ್ರಣ ಕಂಪನಿಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ಮೈಸೂರಿನ ಯಂತ್ರಗಳು 1996ರಿಂದ ಓಡುತ್ತಿವೆ. ನೋಟಿನ ಕಾಗದದ ಗಿರಣಿಯೂ ಅಲ್ಲೇ ಬಂತು, 2022ರಲ್ಲಿ 'ವರ್ಣಿಕಾ' ಎಂಬ ಮಸಿ ತಯಾರಿಕಾ ಘಟಕವೂ ಸೇರಿತು. ಗಾಂಧಿಬಜಾರಿನಲ್ಲಿ ಹೂವಿನವಳಿಗೆ ಕೊಡುವ ಹತ್ತರ ನೋಟು ಮೈಸೂರಿನಿಂದಲೇ ಹೊರಟು ಬಂದದ್ದಿರಬಹುದು ಎಂದುಕೊಂಡರೆ ನನಗೆ ಖುಷಿಯಾಗುತ್ತದೆ.

ಒಂದು ಹಳೇ ಹತ್ತರ ಸ್ಟಾರ್ ನೋಟನ್ನು ಕೈಗೆತ್ತಿಕೊಳ್ಳೋಣ. ಹಿಂಬದಿಯಲ್ಲಿ ಘೇಂಡಾಮೃಗ, ಆನೆ, ಹುಲಿ. ಪಕ್ಕದ ಭಾಷಾಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಕೆಳ ಅಂಚಿನ ನಡುವೆ ಕಣ್ಣು ಕಿರಿದು ಮಾಡಿ ಹುಡುಕಿದರೆ ಮುದ್ರಣದ ವರ್ಷ ಸಿಗುತ್ತದೆ. ನೋಟಿನ ಮೇಲೆ ವರ್ಷ ಹಾಕುವ ರೂಢಿ ಶುರುವಾದದ್ದೇ 2005ರಲ್ಲಿ. ಮುಂಬದಿಯಲ್ಲಿ ಗವರ್ನರ ಸಹಿ: ವೈ.ವಿ. ರೆಡ್ಡಿಯವರದೋ, ಡಿ. ಸುಬ್ಬರಾವ್ ಅವರದೋ, ರಘುರಾಮ್ ರಾಜನ್ ಅವರದೋ. ಇನ್ನು ನಂಬರಿನ ಅಂಕಿಗಳ ಹಿಂದೆ ಮಸುಕಾಗಿ ಒಂದು ಇಂಗ್ಲಿಷ್ ಅಕ್ಷರ ಇರಬಹುದು, ಇಲ್ಲದೆಯೂ ಇರಬಹುದು. ಅದೇ 'ಇನ್‌ಸೆಟ್'. ಸಹಿ, ಇನ್‌ಸೆಟ್, ವರ್ಷ, ಪ್ರಿಫಿಕ್ಸ್ (ನಂಬರಿನ ಮೊದಲ ಮೂರು ಅಕ್ಷರ-ಅಂಕಿ) ಈ ನಾಲ್ಕೂ ಸೇರಿದಾಗಲೇ ಆ ನೋಟು ಯಾವುದೆಂದು ಸಂಗ್ರಾಹಕರಿಗೆ ತಿಳಿಯುವುದು. ನಕ್ಷತ್ರ ಐದನೆಯದು.

ಬೆಲೆಯ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ನಕ್ಷತ್ರ ಇದ್ದ ಮಾತ್ರಕ್ಕೆ ನೋಟು ದುಬಾರಿಯಾಗುವುದಿಲ್ಲ. ಹೇರಳವಾಗಿ ಅಚ್ಚಾದ ಸರಣಿಯ ಸ್ಟಾರ್ ನೋಟಿಗೆ ಮುಖಬೆಲೆಗಿಂತ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ಸರಿಯಾದ ಬೆಲೆ. ಒಬ್ಬ ಗವರ್ನರ ಅವಧಿಯ ಕೊನೆಯಲ್ಲಿ, ಯಾವುದೋ ಒಂದು ಇನ್‌ಸೆಟ್‌ನಲ್ಲಿ, ಒಂದೇ ವರ್ಷ ಸ್ವಲ್ಪವೇ ಅಚ್ಚಾಗಿ ನಿಂತುಹೋದದ್ದಾದರೆ ಲೆಕ್ಕವೇ ಬೇರೆ. ಅಂಥದ್ದಕ್ಕೆ ಹರಾಜಿನಲ್ಲಿ ಪೈಪೋಟಿ ಏಳುತ್ತದೆ. ಅಮೆರಿಕದಲ್ಲಿ 1910ರಿಂದಲೂ ಸ್ಟಾರ್ ನೋಟುಗಳಿವೆ, ಆಸ್ಟ್ರೇಲಿಯಾ 1970ರ ದಶಕದ ಆರಂಭದಲ್ಲೇ ಅವನ್ನು ನಿಲ್ಲಿಸಿತು. ಅಲ್ಲಿನ ಹಳೇ ಸ್ಟಾರ್ ನೋಟುಗಳಿಗೆ ಇಂದು ಇರುವ ಗೌರವ ಕಂಡರೆ ನಮ್ಮ ಇಪ್ಪತ್ತು ವರ್ಷದ ಸರಣಿ ಇನ್ನೂ ಎಳೆಯದು ಅನ್ನಿಸುತ್ತದೆ. ಹಾಗಾಗಿ ಲಾಭದ ಆಸೆಗೆ ಕಟ್ಟುಗಟ್ಟಲೆ ಪೇರಿಸಿಡುವವರಿಗೆ ನನ್ನ ಬೆಂಬಲವಿಲ್ಲ. ಯಾವ ಸಹಿಗೆ ಯಾವ ಇನ್‌ಸೆಟ್ ಬಂತು, ಯಾವುದು ಎಲ್ಲಿಗೆ ನಿಂತಿತು ಎಂದು ನೋಟುಪುಸ್ತಕದಲ್ಲಿ ಬರೆದಿಡುವವರದೇ ನಿಜವಾದ ಕೆಲಸ. ನಮ್ಮ ಮುದ್ರಣಾಲಯಗಳ ದಿನಚರಿಯ ಒಂದು ಪಾಲು ಅವರ ಪಟ್ಟಿಗಳಲ್ಲಿ ದಾಖಲಾಗುತ್ತಿದೆ.

ಬೆಲೆಯನ್ನು ತೀರ್ಮಾನಿಸುವ ಇನ್ನೊಂದು ಸಂಗತಿ ನೋಟಿನ ಸ್ಥಿತಿ. ಒಮ್ಮೆಯೂ ಮಡಿಚದ, ಚಲಾವಣೆ ಕಾಣದ ನೋಟಿಗೆ 'ಯುಎನ್‌ಸಿ' ಎನ್ನುತ್ತಾರೆ. ಇಲ್ಲಿ ಸ್ಟಾರ್ ನೋಟಿಗೆ ಕಾಲವೂ ಒಲಿದಿದೆ. 2001ರ ಸ್ವಚ್ಛ ನೋಟು ನೀತಿಗೆ ಮೊದಲು ಕಟ್ಟುಗಳಿಗೆ ಸ್ಟೇಪ್ಲರ್ ಪಿನ್ ಹೊಡೆಯುತ್ತಿದ್ದುದರಿಂದ, ಆ ಕಾಲದ ನೋಟು ಎಷ್ಟೇ ಹೊಸದಾಗಿದ್ದರೂ ಎಡಗಡೆ ತೂತು ಇದ್ದೇ ಇರುತ್ತದೆ. ಪಿನ್ ಹೋಗಿ ಕಾಗದದ ಪಟ್ಟಿ ಬಂದ ಮೇಲೆ ಹುಟ್ಟಿದ್ದು ನಕ್ಷತ್ರ. ಕಟ್ಟಿನಲ್ಲಿ ಸ್ಟಾರ್ ನೋಟುಗಳಿವೆ ಎಂಬ ಸೂಚನೆಯೂ ಆ ಪಟ್ಟಿಯ ಮೇಲೆಯೇ ಇರುತ್ತದೆ. ಎಲ್ಲರೂ ಹರಿದೆಸೆಯುವ ಆ ಪಟ್ಟಿಯನ್ನು ನೋಟಿನ ಜೊತೆಗೇ ಇಟ್ಟುಕೊಳ್ಳಿ ಎನ್ನುತ್ತೇನೆ. ಇಸ್ತ್ರಿ ಹಾಕುವುದು, ತೊಳೆಯುವುದು, ರಬ್ಬರ್ ಬ್ಯಾಂಡ್ ಬಿಗಿಯುವುದು ಮೂರೂ ಕೂಡದು. ಅಗ್ಗದ ಪಿವಿಸಿ ಕವರು ವರ್ಷಗಳಲ್ಲಿ ಅಂಟಂಟಾಗುತ್ತದೆ, ಪಾಲಿಯೆಸ್ಟರ್ ಕವರೇ ಆಗಬೇಕು.

ಮೋಸವೂ ಇದೆ. ಸಾಧಾರಣ ನೋಟಿಗೆ ನಕ್ಷತ್ರ ಅಂಟಿಸುವ ಕೈಚಳಕದವರಿದ್ದಾರೆ. ನೋಟಿನ ನಂಬರು ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಮಸಿಯದ್ದು. ಅಂಕಿಗಳು ಹೊಳೆದು ನಕ್ಷತ್ರ ಮಾತ್ರ ಕಪ್ಪಗೆ ಉಳಿದರೆ ಅದನ್ನು ಮುಟ್ಟಬೇಡಿ. ಇನ್ನು 'ನಿಮ್ಮ ಹಳೇ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ತೆರಿಗೆ, ಕಮಿಷನ್ ಕಟ್ಟಿ' ಎನ್ನುವ ಕರೆಗಳು. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. 2,000 ರೂಪಾಯಿಯ ನೋಟು ಹಿಂಪಡೆದ ಬೆನ್ನಲ್ಲೇ ಸ್ಟಾರ್ ನೋಟು ಚಲಾವಣೆಯಾಗದು ಎಂಬ ಪುಕಾರು ಹಬ್ಬಿದಾಗ, 2023ರ ಜುಲೈನಲ್ಲಿ, ಅದು ಬೇರೆಲ್ಲ ನೋಟಿನಷ್ಟೇ ಅಧಿಕೃತ ಎಂದೂ ಸ್ಪಷ್ಟಪಡಿಸಿತು. ಅಂಗಡಿಯವರು ಬೇಡವೆಂದರೆ ಇಷ್ಟು ಹೇಳಿದರೆ ಸಾಕು.

ಆಸಕ್ತಿ ಹುಟ್ಟಿದವರು ದೂರ ಹೋಗಬೇಕಿಲ್ಲ. ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಜಾಕ್ ಅವರ ಸಂಗ್ರಹದ ಭಾರತೀಯ ಕಾಗದದ ಹಣದ ಮ್ಯೂಸಿಯಂ 2020ರಲ್ಲಿ ತೆರೆದಿದೆ. ಕನ್ನಡನಾಡು ನಾಣ್ಯ ಸಂಘದವರು ನಡೆಸುವ 'ನಾಣ್ಯದರ್ಶಿನಿ' ಪ್ರದರ್ಶನದಲ್ಲಿ ಪಳಗಿದ ಸಂಗ್ರಾಹಕರು ಎದುರಿಗೇ ಸಿಗುತ್ತಾರೆ. ಅಲ್ಲಿಗೆ ಹೋಗುವ ಮುನ್ನ ನಿಮ್ಮಲ್ಲಿರುವ ನೋಟಿನ ಪ್ರಿಫಿಕ್ಸ್, ಇನ್‌ಸೆಟ್, ಸಹಿ, ವರ್ಷ ಬರೆದುಕೊಳ್ಳಿ. ಇಬ್ಬರು ಮೂವರನ್ನು ವಿಚಾರಿಸಿ. ಮಾರುವ ಮಾತು ಆಮೇಲೆ.