ತಾತ ತೋಡಿಸಿದ ತಾಮ್ರದ ಗುಂಡಿ

ಹೋದ ಬೇಸಿಗೆ ರಜೆಗೆ ಮೊಮ್ಮಗ ಬಂಡ್ರಿಗೆ ಬಂದಿದ್ದ. ಒಂದು ಮಧ್ಯಾಹ್ನ ಹಳ್ಳದ ಕಡೆಯಿಂದ ಓಡಿ ಬಂದು ಮುಷ್ಟಿ ಬಿಚ್ಚಿ ತೋರಿಸಿದ. ಒಳಗೊಂದು ಹಸಿರು ಕಲ್ಲು.

"ಅಜ್ಜಿ, ತಾಮ್ರ ಸಿಕ್ತು! ನಮ್ಮ ತಂಬಿಗೆಗೆ ಹಿಡಿದ ಕಿಲುಬಿನ ಬಣ್ಣಾನೇ ಐತಿ ನೋಡು."

ಮಕ್ಕಳೇ, ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಅರವತ್ತು ವರ್ಷಗಳ ಹಿಂದೆ ನಮ್ಮ ತಾತ ಹೆಚ್ಚುಕಡಿಮೆ ಇದೇ ಮಾತು ಆಡಿದ್ದರು. ಆಗ ನಾನು ಇವನಷ್ಟೇ ಇದ್ದೆ.

ನಾನು ಹುಟ್ಟಿದ್ದೂ ಮದುವೆಯಾಗಿ ಬಂದದ್ದೂ ಇದೇ ಊರಲ್ಲಿ. ತವರಿನ ಹೊಲ ಸಂಡೂರು ಗುಡ್ಡಗಳ ದಿಕ್ಕಿಗಿತ್ತು, ಶೇಂಗಾ ಬಿತ್ತುವ ಕೆಂಪು ನೆಲ. ಬದು ಕಟ್ಟಲು ಅಗೆಯುವಾಗ ಅಲ್ಲಿ ಹಸಿರು ಬಂಡೆ ಹತ್ತಿತು. ಬಳ್ಳಾರಿಯ ಹತ್ತಿರ ತಾಮ್ರದ ಹೆಸರಿನ ಬೆಟ್ಟವೇ ಇದೆಯೆಂದು ತಾತ ಯಾರಿಂದಲೋ ಕೇಳಿದ್ದರು. ಅಲ್ಲಿದ್ದರೆ ಇಲ್ಲೇಕೆ ಇರಬಾರದು? ಕೂಲಿಯವರನ್ನು ಹಚ್ಚಿ ಅಗೆಸಿದರು. ಗುಂಡಿ ಎರಡಾಳುದ್ದ ಇಳಿಯಿತು. ಕೈಯಲ್ಲಿದ್ದ ದುಡ್ಡು ತೀರಿದಾಗ ಎತ್ತಿನ ಜೋಡಿ ಮಾರಿದರು. ಮುಂಗಾರು ಬಂತು, ಊರೆಲ್ಲ ಬಿತ್ತನೆಗೆ ಹೊರಟಿತು. ನಮ್ಮ ಕೊಟ್ಟಿಗೆ ಖಾಲಿ. ಆ ವರ್ಷ ನಮ್ಮವ್ವ ಜೋಳ ಕಡ ತಂದು ರೊಟ್ಟಿ ಬಡಿದದ್ದು ನನಗೆ ಚೆನ್ನಾಗಿ ನೆನಪಿದೆ.

ತಾತ ಕೇಳಿದ ಬೆಟ್ಟದ ಮಾತು ಸುಳ್ಳಲ್ಲ. ಬಳ್ಳಾರಿ ಊರಿನ ಪಕ್ಕದ ಗುಡ್ಡಸಾಲಿಗೆ ಇಂಗ್ಲಿಷರು 'ಕಾಪರ್ ಮೌಂಟನ್' ಎಂದೇ ಹೆಸರಿಟ್ಟಿದ್ದರು. ಹೈದರಾಲಿಯ ಕಾಲದಲ್ಲಿ ಅಲ್ಲಿ ತಾಮ್ರಕ್ಕಾಗಿ ಅಗೆದಿದ್ದರೆಂದೂ, ಖರ್ಚು ಮಾಡಿದಷ್ಟೂ ಹುಟ್ಟದೆ ಬಿಟ್ಟರೆಂದೂ ಹಳೆಯ ಬರಹಗಳು ಹೇಳುತ್ತವೆ. ಗಣಿ ಹೋಯಿತು, ಹೆಸರು ಉಳಿಯಿತು. ತಾತನಿಗೆ ಮುಟ್ಟಿದ್ದು ಹೆಸರು ಮಾತ್ರ. ಬಿಟ್ಟುಹೋದ ಕಥೆ ಮುಟ್ಟಲಿಲ್ಲ.

ನಮ್ಮ ಸೀಮೆಯ ಕಲ್ಲುಗಳನ್ನು ಕ್ರಮವಾಗಿ ಓದಿದವರಲ್ಲಿ ದೊಡ್ಡವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿ ಹುಡುಕಿದವರೂ ಅವರೇ. ಸಂಡೂರು, ಬಳ್ಳಾರಿ, ಧಾರವಾಡದ ಇಂಥ ಶಿಲೆಗಳನ್ನೆಲ್ಲ ಒಂದೇ ಕುಲವೆಂದು ಗುರುತಿಸಿ 1880ರ ದಶಕದಲ್ಲಿ ಅದಕ್ಕೆ 'ಧಾರವಾಡ' ಎಂಬ ಹೆಸರು ಕೊಟ್ಟರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರ ದೊಡ್ಡ ಗ್ರಂಥ 1895ರಲ್ಲಿ ಬಂತು. ಮೋಟಾರು ಇಲ್ಲದ ಕಾಲ ಅದು. ನಡೆದು, ಕುದುರೆ ಹತ್ತಿ, ಸುತ್ತಿಗೆಯಿಂದ ಕಲ್ಲು ಒಡೆದು ನೋಡಿ ನಕ್ಷೆ ಬರೆಯಬೇಕಿತ್ತು.

ಈ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ. ಆಗ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಲಾವಾ ಉಕ್ಕುತ್ತಿತ್ತು. ನೀರಿನಲ್ಲಿ ಕರಗಿದ್ದ ಕಬ್ಬಿಣ ಪದರ ಪದರವಾಗಿ ತಳಕ್ಕೆ ಇಳಿಯಿತು. ದೋಣಿಮಲೈಯಲ್ಲಿ ಇಂದು ಅಗೆಯುವ ಅದಿರಿನ ಮೂಲ ಅದೇ. ಲಾವಾ ಹೆಪ್ಪುಗಟ್ಟಿ ಕಪ್ಪು ಕಲ್ಲಾಯಿತು. ಮುಂದೆ ನೆಲದೊಳಗಿನ ಶಾಖ, ಒತ್ತಡ, ನೀರು ಸೇರಿ ಅದರಲ್ಲಿ ಕ್ಲೋರೈಟ್ ಎಂಬ ಖನಿಜ ಬೆಳೆಯಿತು. ಕ್ಲೋರೈಟಿನ ಬಣ್ಣ ಹಸಿರು. ಆದರೆ ಆ ಹಸಿರು ಕಬ್ಬಿಣದ್ದು, ತಾಮ್ರದ್ದಲ್ಲ.

ತಾತ ಮೋಸಹೋದದ್ದು ಇಲ್ಲೇ.

ಹಾಗಾದರೆ ತಾಮ್ರ ಎಲ್ಲಿ ಸಿಗುತ್ತದೆ? ಚಿತ್ರದುರ್ಗದ ಬಳಿಯ ಇಂಗಳದಾಳಿಗೆ ಹೋಗಿ. ಅಲ್ಲಿನದೂ ಇದೇ ಧಾರವಾಡ ಕುಲದ ಶಿಲೆ. ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ನೀರಿನೊಳಗೆ ಉಕ್ಕಿದ ಲಾವಾ ಹಾಗೆ ಗಟ್ಟಿಯಾಗುತ್ತದೆ. ಇಂಗಳದಾಳಿನಲ್ಲಿ ಬಂಡೆಯ ಬಿರುಕುಗಳಲ್ಲಿ ಹರಿದ ಕುದಿನೀರು ತಾಮ್ರವನ್ನೂ ಗಂಧಕವನ್ನೂ ಹೊತ್ತು ತಂದು ಬಿಟ್ಟುಹೋಯಿತು. ಹಿತ್ತಾಳೆಯಂತೆ ಹೊಳೆಯುವ ಆ ಅದಿರಿನ ಹೆಸರು ಚಾಲ್ಕೊಪೈರೈಟ್. ಅಲ್ಲಿ ಹಳಬರು ಅಗೆದ ಗುಂಡಿಗಳಿದ್ದವು, ಇಪ್ಪತ್ತನೇ ಶತಮಾನದಲ್ಲಿ ದೊಡ್ಡ ಗಣಿಯೇ ನಡೆಯಿತು. ಈಗ ಅದೂ ನಿಂತಿದೆ.

ತಾಮ್ರದ ಲೆಕ್ಕ ಬಲು ಬಿಗಿ. ಸಂಡೂರಿನ ಒಳ್ಳೆಯ ಅದಿರು 100 ಕಿಲೋ ತೂಗಿದರೆ ಅದರಲ್ಲಿ 60 ಕಿಲೋಗೂ ಹೆಚ್ಚು ಕಬ್ಬಿಣ. ತಾಮ್ರದ ಗಣಿಯಲ್ಲಿ 100 ಕಿಲೋಗೆ ಒಂದು ಕಿಲೋ ಸಿಕ್ಕರೂ ಸಂತೋಷ. ಅದಕ್ಕೇ ಬಲ್ಲವರು ಹಸಿರು ಕಂಡ ಕೂಡಲೇ ಗುದ್ದಲಿ ಎತ್ತುವುದಿಲ್ಲ. ಮೊದಲು ನಡೆದು ನಕ್ಷೆ ಬರೆಯುತ್ತಾರೆ. ಅದಿರಿನ ನೆತ್ತಿಯಲ್ಲಿ ಮಳೆಗಾಳಿಗೆ ತುಕ್ಕು ಹಿಡಿದು ತೂತುತೂತಾದ ಕಂದು ಕಲ್ಲು ಇರುತ್ತದೆ, ಅದನ್ನು ಹುಡುಕುತ್ತಾರೆ. ಅಲ್ಲಲ್ಲಿ ಮಣ್ಣು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅನುಮಾನ ಬಲವಾದರೆ ಮಾತ್ರ ಯಂತ್ರದಿಂದ ಕೊರೆದು, ಒಳಗಿನ ಕಲ್ಲನ್ನು ಕೋಲಿನಂತೆ ಹೊರಗೆ ತೆಗೆದು ನೋಡುತ್ತಾರೆ.

ತಾತನ ಗುಂಡಿಗೂ ಕೊನೆಗೆ ಬಲ್ಲವರೊಬ್ಬರು ಬಂದರು. ಆ ಕಡೆ ಸರ್ವೆಗೆ ಬಂದಿದ್ದ ಭೂವಿಜ್ಞಾನಿ. ಕಲ್ಲನ್ನು ಚಾಕುವಿನಿಂದ ಕೆರೆದು, ಪುಡಿಗೆ ಒಂದು ಹನಿ ಆಮ್ಲ ಬಿಟ್ಟರು. ತಾಮ್ರದ ಹಸಿರು ಖನಿಜವಾದ ಮ್ಯಾಲಕೈಟ್ ಆಗಿದ್ದರೆ ಬುರುಬುರು ನೊರೆ ಬರಬೇಕಿತ್ತು. ಬರಲಿಲ್ಲ. "ಇದು ತಾಮ್ರ ಅಲ್ಲ ಯಜಮಾನ್ರೇ" ಎಂದರು. ತಾತ ಏನೂ ಅನ್ನಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರು. ನಾನು ಮುಂದೆ ವಿಜ್ಞಾನದ ಮೇಷ್ಟ್ರಮ್ಮ ಆದದ್ದಕ್ಕೆ ಆ ಒಂದು ಹನಿಯೇ ಕಾರಣವಿರಬೇಕು.

ಮೊಮ್ಮಗನಿಗೆ ನಾನು ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ಎರಡು ಗಾಜಿನ ಲೋಟ ತರಿಸಿದೆ, ಎರಡಕ್ಕೂ ನಿಂಬೆರಸ ಹಿಂಡಿದೆ. ಒಂದಕ್ಕೆ ಅವನ ಕಲ್ಲಿನ ಪುಡಿ, ಇನ್ನೊಂದಕ್ಕೆ ಹಳೆಯ ತಾಮ್ರದ ಹಂಡೆಯಿಂದ ಕೆರೆದ ಹಸಿರು ಕಿಲುಬು. ಉಜ್ಜಿ ತೊಳೆದ ಕಬ್ಬಿಣದ ಮೊಳೆ ಒಂದೊಂದು ಹಾಕಿ ರಾತ್ರಿಯಿಡೀ ಬಿಟ್ಟೆವು. ರಸದಲ್ಲಿ ತಾಮ್ರ ಕರಗಿದ್ದರೆ ಅದು ಮೊಳೆಗೆ ಬಂದು ಅಂಟುತ್ತದೆ. (ನೀವೂ ಮಾಡಬಹುದು, ದೊಡ್ಡವರು ಜೊತೆಗಿರಲಿ. ಕಿಲುಬು ವಿಷ, ರಸ ಚೆಲ್ಲಿ, ಕೈ ತೊಳೆಯಿರಿ, ಆ ಲೋಟ ಮತ್ತೆ ಕುಡಿಯಲು ಬೇಡ.)

ಬೆಳಿಗ್ಗೆ ಅವನು ಹಲ್ಲುಜ್ಜುವ ಮೊದಲೇ ಲೋಟದ ಮುಂದೆ ಕೂತಿದ್ದ. ಕಿಲುಬಿನ ಲೋಟದ ಮೊಳೆಗೆ ಕೆಂಪು ಲೇಪ ಹಿಡಿದಿತ್ತು. ಅವನ ಕಲ್ಲಿನ ಲೋಟದಲ್ಲಿ ಮೊಳೆ ಮಂಕಾಗಿತ್ತು, ಅಷ್ಟೇ. ಮುಖ ಸಣ್ಣದು ಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಿದ:

"ಅಜ್ಜಿ, ಆವಾಗ ನಿಮ್ಮ ತಾತನ ಹತ್ರ ಮೊಳೆ, ನಿಂಬೆಹಣ್ಣು ಇರಲಿಲ್ಲೇನು?"

ಇದ್ದವು. ನಿಂಬೆ ಗಿಡ ಹಿತ್ತಲಲ್ಲೇ ಇತ್ತು.